ನೋವು, ಉಸಿರು ಮತ್ತ ನಮ್ಮ ಎಮ್ಮಿ

ನಾ ನೆಟ್ಟಗ ಮಾಡಾಕ ಹೋದದ್ದೆಲ್ಲಾ ಯಾಕೋ ಸೊಟ್ಟ ಆಗತೈತಿ. ಈ ನಡಾ ನೋವಿಂದೂ ಹಂಗ ಆತು. ಭಾಳ ವರ್ಷದ ನೋವು. ಕುಕ್ಕರಗಾಲಲ್ಲಿ ಕೂತು ಎಮ್ಮಿ ಹಿಂಡಾಕ ಆಗವಲ್ದು, ಎಮ್ಮಿ ನನ್ನ ಬಿಟ್ಟು ಯಾರಿಗೂ ಹಾಲು ಬಿಡವಲ್ದು. "ಮಾರಿ ಬಿಡೂಣು" ಅಂದ್ರು ನಮ್ಮನಿಯವರು. ಕರು ಇದ್ದಾಗಿಂದ ಜ್ವಾಕಿ ಮಾಡಿದ ಎಮ್ಮಿ ಅದು. ನನಗ ಅಳುನ ಬಂತು. ನಡಾ ನೆಟ್ಟಗ ಮಾಡ್ಕೊಂಡ ಬರ್ತೀನಿ ಅಂತ ಚಿಕ್ಕೋಡಿ ದವಾಖಾನಿಗೆ ಹೋದೆ.

ಶಾಂತ ಜಾಗಾ

ಗುಳಿಗಿ ಕೊಡ್ತಾರ ಅಂತ ಹೋದ್ರ ಡಾಕ್ಟರಬಾಯಾರು ಕಣ್ಣ ಮುಚ್ಚಿಸಿದ್ರು. "ನೋವಿನ ಜೋಡಿ ಜಗಳಾಡಬ್ಯಾಡ್ರಿ. ಬಂದೈತಿ, ಇರಲಿ ಅನ್ರಿ. ಉಸಿರು ಸಾವಕಾಶ ಬಿಡ್ರಿ."

ನೋವಿಗೆ ಬೀಗರಂಗ ಮರ್ಯಾದಿ ಯಾಕ ಮಾಡಬೇಕೋ ನನಗ ತಿಳೀಲಿಲ್ಲ.

"ಮನಸ್ಸಿಗೆ ಸಮಾಧಾನ ಆಗೂ ಜಾಗಾ ನೆನಸ್ರಿ" ಅಂದ್ರು. ನಮ್ಮ ಕೊಟಗಿ ನೆನಸಿದೆ. ನೆನಸಿದ ಕೂಡ್ಲೆ ಎಮ್ಮಿಗೆ ನೀರು ಇಟ್ಟು ಬಂದೀನೋ ಇಲ್ಲೋ ಅಂತ ಚಿಂತಿ ಹತ್ತಿತು.

"ಈಗ ಶಾಂತ ಅನಸಾಕತ್ತೈತೇನ್ರಿ?"

"ಎಮ್ಮಿ ಶಾಂತ ಐತ್ರಿ. ನನಗ ಮನಿಗೆ ಹೋಗಬೇಕು."

ಆಯಿ ಬಂದ್ರು

ಡಾಕ್ಟರಬಾಯಾರು ಹೇಳಿದಂಗ ಮನ್ಯಾಗ ಪಡಸಾಲಿಯೊಳಗ ಕಣ್ಣ ಮುಚ್ಚಿ ಕೂತಿದ್ದೆ. ಮಗ್ಗಲ ಮನಿ ಜೈನರ ಆಯಿ ಬಂದ್ರು. ದಿನಾ ಮುಕ್ಕಾಲು ತಾಸು ಅಲುಗದಂಗ ಸಾಮಾಯಿಕ ಧ್ಯಾನಕ್ಕ ಕೂಡೂದು ಅವರ ನೇಮ. ನಾನೂ ಅದನ್ನ ಹಿಡದೀನಿ ಅಂತ ತಿಳಕೊಂಡು, ಖುಷಿಯಾಗಿ ಮಗ್ಗಲದಾಗ ಕೂತ್ರು. ನಾ ಏಳಾಕ ಹೋದೆ. "ನಡುವ ಏಳಬಾರ್ದು ಮಗಳ" ಅಂದ್ರು.

ಹತ್ತು ನಿಮಿಷ ಕೂಡಾಕ ಆಗದ ಹೆಣ್ಮಗಳು ಪೂರಾ ಮುಕ್ಕಾಲು ತಾಸು ಕೂತೆ. ಉಸಿರಾಟದಿಂದ ಆತೋ, ಆಯಿ ಅಂಜಿಕಿಯಿಂದ ಆತೋ, ಇನ್ನೂ ತಿಳಿದಿಲ್ಲ.

ಗಿರಾಕಿ

ಪಡಸಾಲಿಯೊಳಗ ಕೂತ್ರೇನಾತು, ಕೊಟಗ್ಯಾಗ ಕೂಡಾಕ ಧೈರ್ಯ ಸಾಲವಲ್ದು. ಅಷ್ಟರಾಗ ರಾಯಬಾಗದಿಂದ ಗಿರಾಕಿ ಬಂದಾ. "ಹಿಂಡಿ ತೋರಸ್ರಿ" ಅಂದಾ. ಎಮ್ಮಿಗೆ ನನ್ನ ವಾಸನಿ ಬರಲಿ ಅಂತ ನಮ್ಮನಿಯವರು ನನ್ನ ಸೀರಿ ಉಟ್ಟು, ತಲಿ ಮ್ಯಾಲ ಸೆರಗು ಹೊದ್ದು ಕೂತ್ರು. ಎಮ್ಮಿ ತಿರುಗಿ ಒಮ್ಮೆ ಅವರ ಮೀಸಿ ನೋಡ್ತು. ಚರಗಿ ಗ್ವಾಡಿಗೆ ಹೋಗಿ ಬಡೀತು.

"ಇಂಥಾ ಒದಿಯೋ ಎಮ್ಮಿ ಯಾರು ತಗೋತಾರ್ರಿ?" ಅಂದಾ ಗಿರಾಕಿ.

ನಾ ಸುಮ್ಮನಿದ್ರ ಎಮ್ಮಿ ಉಳೀತಿತ್ತು. ಆದ್ರ ನಮ್ಮ ಎಮ್ಮಿಗೆ ಹಂಗಂದ್ರ ನನಗ ತಡಕೊಳ್ಳಾಕ ಆಗ್ಲಿಲ್ಲ. ಸಿಟ್ಟಿಲೆ ಹೋಗಿ ಕೂತಬಿಟ್ಟೆ. ನಡಾ ಚಳಕ್ ಅಂತು. ಬಂದೀ ಏನು, ಇರು ಅಂತ ನೋವಿಗೆ ಅಂದೆ. ಉಸಿರು ಸಾವಕಾಶ ಬಿಟ್ಟೆ. ಎಮ್ಮಿನೂ ಉಸಿರು ಬಿಡ್ತು. ನೋವು ಇದ್ದಲ್ಲೇ ಇತ್ತು, ಚರಗಿ ಮಾತ್ರ ತುಂಬಿತು.

"ತಗೋತೀನ್ರಿ" ಅಂದಾ ಗಿರಾಕಿ.

"ಇಕಿ ಹಿಂಡ್ತಾಳಂದ್ರ ಮಾರೂದ್ಯಾಕ? ಕೊಡೂದಿಲ್ಲ" ಅಂದ್ರು ಇವರು. ನನ್ನ ಜೀವ ತಣ್ಣಗಾತು.

ಗಿರಾಕಿ ನನ್ನ ನೋಡಿದಾ, ಇವರನ್ನ ನೋಡಿದಾ. "ಅಲ್ಲರೀ, ವೈನಿ ಹಿಂಡ್ತಾರಂದ್ರ ನೀವು ಸೀರಿ ಉಟ್ಟಿದ್ಯಾಕ?"

ಇವರು ಸೆರಗು ಹಿಡಕೊಂಡು ನನ್ನ ಕಡೆ ತಿರುಗಿದ್ರು. ನಾ ಕಣ್ಣ ಮುಚ್ಚಿ ಉಸಿರಿನ ಮ್ಯಾಲ ಲಕ್ಷ್ಯ ಇಟ್ಟೆ.