ಖಾರವಿಲ್ಲದ ಸುಣ್ಣ

ಭಾನುವಾರ ಸ್ನಾನಕ್ಕೆ ಹೋಗುವಾಗ ತಗಡಿನ ಆ ಪುಟ್ಟ ಡಬ್ಬಿಯನ್ನು ಜಗಲಿಯ ಮೇಲೆ ಬಿಟ್ಟದ್ದೇ ತೋಂಟದಾರ್ಯನ ತಪ್ಪು. ಎಲೆಅಡಿಕೆಗೆ ಕೂತಿದ್ದ ಮನೆಯೊಡತಿ ಶಿವರುದ್ರಮ್ಮ ಒಳಗಿದ್ದ ಬಿಳಿಯ ಚೂರನ್ನು ಸುಣ್ಣವೆಂದು ತಿಳಿದು, ಎಲೆಯಲ್ಲಿ ಮಡಿಚಿ ಬಾಯಿಗಿಟ್ಟರು.

ಅದು ಅಂಟಾರ್ಕ್ಟಿಕದ ಬ್ರಯೋಜೋವನ್. ಹಿಂದಿನ ವರ್ಷ ಹಡಗಿನಲ್ಲಿ ಅಲ್ಲಿಗೆ ಹೋಗಿದ್ದ ಸಹಪಾಠಿ ಕಳಿಸಿದ್ದು. ಕಲ್ಲಿಗಂಟಿ ಬೆಳೆಯುವ, ಸೂಜಿಮೊನೆಯಷ್ಟು ಪ್ರಾಣಿಗಳ ವಠಾರ. ಒಂದೊಂದಕ್ಕೂ ಸುಣ್ಣದ ಕೋಣೆ, ಕೋಣೆಗೊಂದು ಮುಚ್ಚಳ, ಅಲ್ಲಲ್ಲಿ ಕಾವಲಿಗೆ ಹಕ್ಕಿಯ ಕೊಕ್ಕಿನಂಥ ಅಂಗ. ಆ ಕೊಕ್ಕು ಪುಸ್ತಕದ ಯಾವ ಚಿತ್ರಕ್ಕೂ ಹೊಂದಿರಲಿಲ್ಲ. ಹೊಸ ಜಾತಿಯೆಂದು ಪ್ರೊಫೆಸರ್ ನಂಜುಂಡಪ್ಪನವರು ಒಪ್ಪಿದರೆ ಅದಕ್ಕೆ ತೋಂಟದಾರ್ಯನ ಹೆಸರು ಬರುತ್ತಿತ್ತು. ತಿಪಟೂರಿನಲ್ಲಿ ಹತ್ತು ವರ್ಷ ಹುಡುಗರಿಗೆ ಕಪ್ಪೆ ಕೊಯ್ದು ತೋರಿಸಿದವನಿಗೆ ಉಳಿದಿದ್ದ ಆಸೆ ಅದೊಂದೇ. ಪ್ರೊಫೆಸರ್ ಹನ್ನೊಂದರ ರೈಲಿಗೆ ಬರುವವರಿದ್ದರು.

“ನಿಮ್ಮ ಸುಣ್ಣ ಸತ್ತೋಗಿದೆ ಕಣ್ರೀ ಮೇಷ್ಟ್ರೇ,” ಎಂದರು ಶಿವರುದ್ರಮ್ಮ. “ಖಾರವೇ ಇಲ್ಲ. ನಂದೂ ವಸಿ ಹಚ್ಕೊಂಡೆ.”

ತೋಂಟದಾರ್ಯ ಒದ್ದೆ ಟವೆಲಿನಲ್ಲೇ ಓಡಿಬಂದು, ಪ್ರಸಾದಕ್ಕೆ ನಿಂತವನಂತೆ ಬೊಗಸೆಯೊಡ್ಡಿದ. “ಉಗೀರಿ ಅಮ್ಮಾ.”

ಅಷ್ಟರಲ್ಲಿ ಪಕ್ಕದ ಮನೆಯ ಸಿದ್ದಗಂಗಮ್ಮ ಇಣುಕಿ, ಮೇಷ್ಟ್ರು ಮುದುಕಿಗೆ ಏನೋ ತಿನ್ನಿಸಿದರೆಂದು ಬೀದಿಗೆಲ್ಲ ಹೇಳಿಬಂದಳು. ಕೊಬ್ಬರಿ ಮಂಡಿಯ ಮರುಳಸಿದ್ದಯ್ಯ ವಿಷವಿಳಿಯಲೆಂದು ಎಳನೀರು ಕೆತ್ತಿಸಿ ತಂದ. ಅದೇನೆಂದು ಎಲ್ಲರೂ ಕೇಳಿದರು. ಮೊಟ್ಟೆಗೂ ಪ್ರವೇಶವಿಲ್ಲದ ಆ ಮನೆಯಲ್ಲಿ ಪ್ರಾಣಿಯೆನ್ನುವುದು ಹೇಗೆ? ತೋಂಟದಾರ್ಯ ಕಲ್ಲು ಎಂದುಬಿಟ್ಟ. ಹಾಗೆಂದ ಮೇಲೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಉಗಿದದ್ದರಲ್ಲಿ ಅಕ್ಕಿಕಾಳಿನಷ್ಟು ಚೂರು ಸಿಕ್ಕಿತು. ಎಷ್ಟು ತೊಳೆದರೂ ಕೆಂಪು ಬಿಡಲಿಲ್ಲ.

ಪ್ರೊಫೆಸರ್ ಬಂದವರೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬೀದಿಯೆಲ್ಲ ಬಾಗಿಲಲ್ಲಿ ಉಸಿರು ಹಿಡಿದು ನಿಂತಿತ್ತು.

“ಜಾತಿ ಹಳೇದೇ ಕಣ್ರೀ,” ಎಂದರು ಕೊನೆಗೆ. “ಆದ್ರೆ ಕೊಕ್ಕಿನ ಸ್ನಾಯು ಇಷ್ಟು ನಿಚ್ಚಳವಾಗಿ ನಾನು ಕಂಡಿರ್ಲಿಲ್ಲ. ಯಾವ ಬಣ್ಣ ಹಾಕಿದ್ರಿ? ಈ ವಿಧಾನಕ್ಕೆ ನಿಮ್ಮ ಹೆಸರೇ ಇಡೋಣ.”

ನನ್ನದೇ ಬಣ್ಣ ಎಂಬ ಮಾತು ತೋಂಟದಾರ್ಯನ ನಾಲಗೆಯ ತುದಿಗೆ ಬಂತು. ನಾಚಿಕೆ ಅದನ್ನು ಅಲ್ಲೇ ತಡೆಯಿತು. ಶಿವರುದ್ರಮ್ಮ ಮುಂದೆ ಬಂದರು.

“ನಾನೇ ಸ್ವಾಮಿ. ಅಗಿದು ಉಗಿದೆ.”

ಪ್ರೊಫೆಸರ್ ಆಕೆಯ ಹೆಸರನ್ನು ಅಕ್ಷರ ಅಕ್ಷರ ಕೇಳಿ ಬರೆದುಕೊಂಡರು. “ಸಮುದ್ರದ ಪ್ರಾಣೀನ ಅಗಿಯೋಕೆ ದೊಡ್ಡ ಧೈರ್ಯ ಬೇಕು ತಾಯಿ,” ಎಂದರು.

ಶಿವರುದ್ರಮ್ಮ ತೋಂಟದಾರ್ಯನನ್ನೇ ನೋಡುತ್ತ ನಿಂತರು.

“ಅಂದ ಹಾಗೆ, ಈ ಕೆಲಸದಲ್ಲಿ ನಿಮ್ಮ ಪಾತ್ರ ಏನು?” ಎಂದು ಪ್ರೊಫೆಸರ್ ಪೆನ್ನೆತ್ತಿ ಅವನನ್ನು ಕೇಳಿದರು.

“ನಾನು ಇವರ ಮನೇಲಿ ಬಾಡಿಗೆಗಿದ್ದೀನಿ ಸಾರ್.”

“ಇದ್ದೆ ಅನ್ರೀ,” ಎಂದರು ಶಿವರುದ್ರಮ್ಮ.