ಒಂದು ಪಾಠ, ಮೂರು ಟಿಪ್ಪಣಿ

ಗುತ್ತೆಪ್ಪ: ಒಂದು ಪಾಠಕ್ಕೆ ಒಂದೇ ಟಿಪ್ಪಣಿ, ಟೀಚರ್. ಮೂರು ಬರ್ದ್ರೆ ನಾನು ಸಹಿ ಹಾಕಲ್ಲ.

ಅಕ್ಕನಾಗಮ್ಮ: ಕ್ಲಾಸಿನಾಗೆ ಮೂರು ತರದ ಮಕ್ಕಳು ಅದಾರೆ ಸಾರ್.

ಗುತ್ತೆಪ್ಪ: ಇರ್ಲಿ ಬಿಡ್ರಿ. ಟೀಚರ್ ಒಬ್ರೇ ತಾನೆ?

ನಿಟ್ಟುವಳ್ಳಿಯ ಆ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯ ಗುತ್ತೆಪ್ಪನವರು ಸೋಮವಾರ ಬೆಳಿಗ್ಗೆ ಎಲ್ಲರ ಪಾಠ ಟಿಪ್ಪಣಿಗೆ ಸಹಿ ಹಾಕುತ್ತಿದ್ದರು. ಓದುವ ಪದ್ಧತಿ ಇರಲಿಲ್ಲ. ಈ ಸಲ ಐದನೇ ತರಗತಿಯ ಅಕ್ಕನಾಗಮ್ಮ ಟೀಚರ್ ಅವರ ಟಿಪ್ಪಣಿ ಪುಸ್ತಕ ದಪ್ಪವಾಗಿ ಕಂಡದ್ದೇ ತೊಂದರೆಯಾಯಿತು. ದಾವಣಗೆರೆ ಜಿಲ್ಲೆಯಾಗಿ ವರ್ಷ ಕಳೆದರೂ ಶಾಲೆಯ ಮೊಹರಿನಲ್ಲಿ ಇನ್ನೂ ಚಿತ್ರದುರ್ಗವೇ ಇತ್ತು. ಅಂಥ ಕಡೆ ಹೊಸದೊಂದು ಸುಮ್ಮನೆ ನುಗ್ಗುವುದುಂಟೆ? ಆದರೆ ಭಿನ್ನರಾಶಿ ಪರೀಕ್ಷೆಯಲ್ಲಿ ನಲವತ್ತಮೂರು ಮಕ್ಕಳಲ್ಲಿ ಮೂವತ್ತೊಂದು ನಪಾಸಾಗಿದ್ದವು. ಎರಡನೇ ಪಿರಿಯಡ್ಡಿಗೆ ಅದೇ ಪಾಠ ಮತ್ತೊಮ್ಮೆ. ಗಂಟೆ ಹೊಡೆಯುವುದರೊಳಗೆ ಸಹಿ ಬೀಳದಿದ್ದರೆ ಹಳೇ ಟಿಪ್ಪಣಿ, ಹಳೇ ಪಾಠ, ಹಳೇ ಸೊನ್ನೆ.

ಗುತ್ತೆಪ್ಪ: ನಿಮ್ಮನ್ನ ಹರಿಹರಕ್ಕೆ ತರಬೇತಿಗೆ ಕಳಿಸಿದ್ದು ನನ್ನದೇ ತಪ್ಪು. ಬ್ಯಾರೆ ಯಾರೂ ಹೋಗ್ತೀನಿ ಅನ್ನಲಿಲ್ಲ ಅಂತ ಕಳಿಸಿದ್ರೆ, ನೀವು ಅಲ್ಲಿ ಹೇಳಿದ್ದನ್ನ ಕೇಳಿಸ್ಕಂಡು ಬಂದೀರಿ.

ಅಕ್ಕನಾಗಮ್ಮ: ಊಟ ಚೆನ್ನಾಗಿರಲಿಲ್ಲ ಸಾರ್. ಕೇಳೋದು ಬಿಟ್ರೆ ಬ್ಯಾರೆ ಕೆಲಸ ಇರಲಿಲ್ಲ.

ಗುತ್ತೆಪ್ಪ: ಇಪ್ಪತ್ತೆಂಟು ವರ್ಷ ನಾನು ಒಂದೇ ಟಿಪ್ಪಣಿ ಬರ್ದೀನಿ. ಸಾಧಾರಣ ವಿದ್ಯಾರ್ಥಿನ ಕಣ್ಣ ಮುಂದೆ ಇಟ್ಕಂಡು ಬರ್ದೀನಿ.

ಅಕ್ಕನಾಗಮ್ಮ: ಯಾರು ಸಾರ್ ಆ ಹುಡುಗ?

ಗುತ್ತೆಪ್ಪ: ಯಾರು ಅಂದ್ರೆ... ಜಾಣನೂ ಅಲ್ಲ, ದಡ್ಡನೂ ಅಲ್ಲ. ನಡುವೆ ಇರೋನು.

ಅಕ್ಕನಾಗಮ್ಮ: ಹಾಜರಿ ಪುಸ್ತಕ ಇಲ್ಲೇ ಐತೆ, ತೋರಿಸ್ರಿ. ಅವನು ಸಿಕ್ರೆ ಒಂದೇ ಟಿಪ್ಪಣಿ ಸಾಕು.

ಗುತ್ತೆಪ್ಪನವರು ಕನ್ನಡಕ ಏರಿಸಿ ಹೆಸರುಗಳ ಮೇಲೆ ಬೆರಳು ಓಡಿಸಿದರು.

ಗುತ್ತೆಪ್ಪ: ಈ ಪ್ರಶಾಂತ?

ಅಕ್ಕನಾಗಮ್ಮ: ಮಂಡಕ್ಕಿ ಭಟ್ಟಿಯೋರ ಮಗ. ಬಾಯಿಲೆಕ್ಕದಾಗೆ ನನ್ನನ್ನೇ ಸೋಲಿಸ್ತಾನೆ. ಬರಿ ಅಂದ್ರೆ ಬೆವರ್ತಾನೆ.

ಗುತ್ತೆಪ್ಪ: ಟೈಲರ್ ಜಮಾಲ್ ಸಾಬ್ ಮೊಮ್ಮಗಳು?

ಅಕ್ಕನಾಗಮ್ಮ: ಅವಳಿಗೆ ಕಣ್ಣಿಗೆ ಕಾಣ್ಬೇಕು, ಕೈಗೆ ಸಿಗ್ಬೇಕು. ಟೇಪು ಕೊಡ್ರಿ, ಕಾಲಿಂಚು ತಪ್ಪಲ್ಲ.

ಗುತ್ತೆಪ್ಪ: ಕುಕ್ಕುವಾಡದ ಸಹನಾ ಸಾಧಾರಣ ಇರ್ಬೇಕು. ಒಂದು ದಿನ ಗಲಾಟೆ ಮಾಡಿದ್ದಿಲ್ಲ.

ಅಕ್ಕನಾಗಮ್ಮ: ನಾವು ಕೇಳಿದ್ರೆ ಬಾಯಿ ಬಿಡಲ್ಲ. ಪಕ್ಕದೋಳಿಗೆ ಹೇಳಿಕೊಡು ಅಂದ್ರೆ ನಿಲ್ಲಿಸಲ್ಲ.

ಬೆರಳು ನಲವತ್ತಮೂರನೇ ಹೆಸರಿಗೆ ಬಂದು ನಿಂತಿತು. ಅದರ ಕೆಳಗೆ ಖಾಲಿ ಗೆರೆಗಳಿದ್ದವು.

ಅಕ್ಕನಾಗಮ್ಮ: ಅಂದ್ರೆ ಇಪ್ಪತ್ತೆಂಟು ವರ್ಷ, ಅಡ್ಮಿಷನ್ನೇ ಆಗದ ಹುಡುಗನಿಗೆ ಪಾಠ ಹೇಳೀರಿ ಸಾರ್.

ಗುತ್ತೆಪ್ಪ: ಅದಕ್ಕೇ ನನ್ನ ಕ್ಲಾಸಿನಾಗೆ ಗಲಾಟೆ ಇರಲಿಲ್ಲ. ಅದಿರ್ಲಿ, ಭಿನ್ನರಾಶಿಯಾಗೆ ಕಷ್ಟ ಏನೈತೆ? ಮ್ಯಾಲಿಂದು ಮ್ಯಾಲೆ ಕೂಡ್ಸು, ಕೆಳಗಿಂದು ಕೆಳಗೆ ಕೂಡ್ಸು.

ಅಕ್ಕನಾಗಮ್ಮ: ನಾಲ್ಕನೇ ಒಂದಕ್ಕೆ ಎಂಟನೇ ಒಂದು ಕೂಡಿಸ್ರಿ.

ಗುತ್ತೆಪ್ಪ: ಹನ್ನೆರಡನೇ ಎರಡು.

ಅಕ್ಕನಾಗಮ್ಮ: ಮೂವತ್ತೊಂದು ಮಕ್ಕಳೂ ಇದನ್ನೇ ಬರ್ದಾರೆ.

ಗುತ್ತೆಪ್ಪನವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

ಗುತ್ತೆಪ್ಪ: ನಂದು ಕನ್ನಡ, ಸಮಾಜ, ಟೀಚರ್.

ಅಕ್ಕನಾಗಮ್ಮ: ಇರ್ಲಿ ಸಾರ್. ತಮ್ಮ ಮನೇದೂ ಮಂಡಕ್ಕಿ ಭಟ್ಟಿ ಇತ್ತಂತಲ್ಲ?

ಗುತ್ತೆಪ್ಪ: ಇತ್ತಂತ ಏನ್ರಿ, ನಾಲ್ಕು ಒಲೆ ಇದ್ವು. ಅಳೆಯೋಕೆ ನಾನೇ ಕೂಡ್ತಿದ್ದೆ.

ಅಕ್ಕನಾಗಮ್ಮ: ಗಿರಾಕಿ ಒಂದು ಪಾವು ತಗಂಡ. ಮ್ಯಾಲೆ ಇನ್ನರ್ಧ ಪಾವು ಕೇಳಿದ. ಸೇರಿನಾಗೆ ಎಷ್ಟು ಖಾಲಿ ಆತು?

ಗುತ್ತೆಪ್ಪ: ಸೇರಿಗೆ ನಾಲ್ಕು ಪಾವು, ಅಂದ್ರೆ ಎಂಟು ಅರ್ಧ ಪಾವು. ಅದರಾಗೆ ಮೂರು ಹೋತು. ಎಂಟನೇ ಮೂರು.

ಹೇಳಿದವರೇ ಬೆರಗಾದರು. ಆಮೇಲೆ ಕುರ್ಚಿಯಲ್ಲಿ ನೆಟ್ಟಗಾದರು.

ಗುತ್ತೆಪ್ಪ: ನೋಡ್ರಿ ಟೀಚರ್, ಆ ಪ್ರಶಾಂತನಿಗೆ ಸೇರು, ಪಾವು ತಂದು ತೋರಿಸ್ರಿ. ಜಮಾಲ್ ಸಾಬ್ ಮೊಮ್ಮಗಳ ಕೈಗೆ ಟೇಪು ಕೊಡ್ರಿ. ಸಹನಾಗೆ ಎರಡು ಮಕ್ಕಳನ್ನ ಒಪ್ಪಿಸಿ ಹೇಳಿಕೊಡು ಅನ್ರಿ. ಎಲ್ರಿಗೂ ಒಂದೇ ಪಾಠ ಅಂದ್ರೆ ಹೆಂಗೆ? ನೀವು ಸ್ವಲ್ಪ ಯೋಚ್ನೆ ಮಾಡ್ಬೇಕು.

ಅಕ್ಕನಾಗಮ್ಮ: ಹೌದಲ್ಲ ಸಾರ್. ತಾವು ಹೇಳಿದ್ದು ಒಳ್ಳೇದಾತು.

ಗುತ್ತೆಪ್ಪನವರು ಗತ್ತಿನಿಂದ ಮೂರೂ ಟಿಪ್ಪಣಿಗೆ ಸಹಿ ಹಾಕಿದರು. ಅದೇ ಗತ್ತಿನಲ್ಲಿ ಇನ್ನೊಂದು ಹಾಳೆಯನ್ನೂ ತಿರುವಿದರು. ಅಕ್ಕನಾಗಮ್ಮ ಕೈ ಚಾಚುವಷ್ಟರಲ್ಲಿ ತಡವಾಗಿತ್ತು. ಅಲ್ಲಿ ನಾಲ್ಕನೇ ಟಿಪ್ಪಣಿಯೊಂದಿತ್ತು. ಗುತ್ತೆಪ್ಪನವರು ಗಟ್ಟಿಯಾಗಿ ಓದಿದರು.

"ಕಲಿಯುವವರು: ಒಬ್ಬರು. ವಯಸ್ಸು: ಐವತ್ತಾರು. ಲಕ್ಷಣ: ಮೊದಲು ಬೇಡವೆನ್ನುವರು. ಬೇರೆಯವರು ಹೇಳಿದ್ದನ್ನು ಒಪ್ಪರು, ತಾವು ಹೇಳಿದ್ದನ್ನು ಬಿಡರು. ವಿಧಾನ: ಮನೆಯ ವ್ಯಾಪಾರದಿಂದ ಆರಂಭಿಸುವುದು. ಅವಧಿ: ನಲವತ್ತು ನಿಮಿಷ."

ಗುತ್ತೆಪ್ಪನವರು ಗೋಡೆಯ ಗಡಿಯಾರ ನೋಡಿದರು.

ಗುತ್ತೆಪ್ಪ: ಇಪ್ಪತ್ತೇ ನಿಮಿಷ ಆಗೈತೆ.

ಅಕ್ಕನಾಗಮ್ಮ: ನನ್ನ ಅಂದಾಜು ತಪ್ಪಾತು ಸಾರ್.

ಎರಡನೇ ಪಿರಿಯಡ್ಡಿನ ಗಂಟೆ ಹೊಡೆಯಿತು. ಗುತ್ತೆಪ್ಪನವರು ಕೆಂಪು ಪೆನ್ನು ತೆಗೆದುಕೊಂಡು ನಲವತ್ತನ್ನು ಹೊಡೆದುಹಾಕಿ ಇಪ್ಪತ್ತು ಎಂದು ತಿದ್ದಿದರು. ಸಹಿ ಹಾಕಿದರು. ನಂತರ, ಅಷ್ಟು ವರ್ಷಗಳ ಸೇವೆಯಲ್ಲಿ ಮೊದಲ ಬಾರಿಗೆ, ಒಂದು ಷರಾ ಬರೆದರು: "ಈ ವಿದ್ಯಾರ್ಥಿಯನ್ನು ಜಾಣರ ಗುಂಪಿಗೆ ಸೇರಿಸತಕ್ಕದ್ದು."