ಗಾಜಿನ ಹಣೆಗೆ ಅರಿಶಿನ

ಅವರೆಕಾಳು ಹಿಚುಕುತ್ತಾ ಕೂತಿದ್ದಾಗ ಮಗಳ ಫೋನು ಬಂತು. ಎರಡೂ ಕೈ ಅಂಟು, ಮೊಣಕೈಯಿಂದ ಸ್ಪೀಕರ್ ಒತ್ತಿದೆ. ಮೊದಲ ಸಲಕ್ಕೇ ಒತ್ತಿಕೊಂಡಿತು. ಇಂಥದ್ದನ್ನೂ ಬನಶಂಕರಮ್ಮನ ದಯೆ ಎಂದುಕೊಳ್ಳುವವಳು ನಾನು.

“ಅಮ್ಮ, ಸಖತ್ ನ್ಯೂಸು. ನಿನ್ನೆ ಮನೆಗೆ ತಂದಿದ್ನಲ್ಲ ಗಾಜು, ಅದ್ರಲ್ಲೊಂದು ನೀಲಿ ಬೆಳಕನ್ನೂ ಹೀರ್ತಿದೆ. ಗ್ರಾಫಲ್ಲಿ ಹೊಸ ಗುಡ್ಡ ಎದ್ದಿದೆ. ನಮ್ಮ ಸರ್ ಕುಣಿಯೋದೊಂದು ಬಾಕಿ. ಇನ್ನೊಂಚೂರು ಹೊತ್ತಲ್ಲಿ ಎಲ್ಲರ ಮುಂದೆ ತೋರಿಸ್ಬೇಕು.”

ಸಿಂಧು ಓದುತ್ತಿರುವುದು ಬಿಸಿಲಿನಿಂದ ಕರೆಂಟು ಮಾಡುವ ಒಂದು ಜಾತಿಯ ಪ್ಲಾಸ್ಟಿಕ್ಕಿನ ಬಗ್ಗೆ. ಅದರ ಅಣುಗಳ ಸರಪಳಿಯಲ್ಲಿ ಒಂದು ಕೊಂಡಿ ಬದಲಿಸಿದರೆ ಅದು ಹೀರುವ ಬೆಳಕು ಬದಲಾಗುತ್ತದಂತೆ, ಜೊತೆಗೆ ಬಣ್ಣವೂ. ಇವಳದ್ದು ನೀಲಿ ಪ್ಲಾಸ್ಟಿಕ್ಕು. ಕೆಂಪು ಬೆಳಕನ್ನು ಹೊಟ್ಟೆ ತುಂಬ ತಿಂದು, ನೀಲಿ ಬೆಳಕನ್ನು ಮಕ್ಕಳು ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುವ ಹಾಗೆ ಸರಿಸಿಬಿಡುತ್ತದೆ. ಅದನ್ನೂ ತಿನ್ನಿಸಲು ಮಗು ಪಟ್ಟ ಪಾಡು ನನಗೆ ಗೊತ್ತು. ಅವಳಿಗಾಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದವಳು ನಾನೇ.

ಹಿಗ್ಗಬೇಕಿತ್ತು. ಆದರೆ ಕೈ ಕಾಳಿನ ಮೇಲೇ ನಿಂತುಬಿಟ್ಟಿತು.

ಇನ್ನೊಂದು ಕಾಲೇಜಿನ ಮೆಷಿನ್ನಿನಲ್ಲಿ ಅಳೆಸಬೇಕೆಂದು, ಆ ಪ್ಲಾಸ್ಟಿಕ್ಕು ಬಳಿದ ಗಾಜುಗಳನ್ನು ಕಪ್ಪು ಕಾಗದ ಸುತ್ತಿದ ಡಬ್ಬಿಯಲ್ಲಿಟ್ಟು ತಂದಿದ್ದಳು. “ಮುಟ್ಬೇಡ ಅಮ್ಮ” ಎಂದೂ ಹೇಳಿದ್ದಳು. ಹೇಳಿದ್ದು ಯಾರಿಗೆ? ಫ್ರಿಜ್ಜು, ಸ್ಕೂಟರು, ಕೊನೆಗೆ ಹೊಸ ಮಿಕ್ಸಿ ಜಾರಿಗೂ ಅರಿಶಿನ ಕುಂಕುಮ ಇಟ್ಟವಳಿಗೆ. ಬೆಳಿಗ್ಗೆ ಪೂಜೆಯ ಹೊತ್ತಿಗೆ ಡಬ್ಬಿ ತೆರೆದೆ. ಒಂದಕ್ಕೆ ಹಚ್ಚಿದರೆ ಎಲ್ಲಕ್ಕೂ ಹಚ್ಚಿದಂತೆಯೇ ಎಂದು ಒಂದೇ ಗಾಜನ್ನು ಎತ್ತಿಕೊಂಡೆ. ಮೂಲೆಗೆ ಮುಟ್ಟಿಸಿದ್ದರೆ ಆಗುತ್ತಿತ್ತು. ದೇವರ ಪಟಗಳ ಅಭ್ಯಾಸ, ಬೆರಳು ಸೀದಾ ನಡುವೆ, ಹಣೆ ಇರಬೇಕಾದಲ್ಲಿಗೆ ಹೋಯಿತು. ಗೊತ್ತಾಗದಿರಲೆಂದು ಸೆರಗಿನಿಂದ ತೆಳ್ಳಗೆ ಸವರಿಯೂ ಬಿಟ್ಟೆ.

“ಸಿಂಧು, ಅರಿಶಿನ ನೀಲಿ ಬೆಳಕು ಹೀರತ್ತೇನೇ?”

“ಹೂಂ, ಅದಕ್ಕೇ ಅದು ಹಳದಿ ಕಾಣೋದು. ಯಾಕೆ?”

ಪೇಪರಿನ ಹಿಂದಿನಿಂದ ನಮ್ಮ ಯಜಮಾನರು, “ಹೇಳ್ಬಿಡು ಮಾರಾಯ್ತಿ. ಆಮೇಲೆ ಎಲ್ಲರೂ ಅಂಥದ್ದೇ ಇನ್ನೊಂದು ಮಾಡೋಕ್ಕೆ ಹೋಗಿ ಒದ್ದಾಡ್ತಾರೆ” ಎಂದರು. ಬೆಳಿಗ್ಗೆ ನೋಡಿಯೂ ಸುಮ್ಮನಿದ್ದ ಮನುಷ್ಯ.

ಹೇಳಿದೆ.

“ಎಷ್ಟು ಗಾಜಿಗೆ ಹಚ್ಚಿದೀಯ?”

“ಒಂದೇ ಒಂದಕ್ಕೆ ಕಣೇ. ಉಳಿದದ್ದು ಮುಟ್ಟಿಲ್ಲ, ದೇವರಾಣೆ.”

“ಪುಣ್ಯ. ಅವನ್ನೇ ತೋರಿಸ್ತೀನಿ, ಗುಡ್ಡ ಇಲ್ದಿದ್ರೂ ಪರವಾಗಿಲ್ಲ. ಸರ್‌ಗೆ ಏನಂತ ಹೇಳ್ಲಿ?”

“ನಮ್ಮಮ್ಮ ಅಂತ ಹೇಳು. ಅವ್ರಿಗೂ ಒಬ್ಬರು ಅಮ್ಮ ಇರ್ತಾರೆ.”

ಫೋನು ಹಿಡಿದೇ ಹೋಗಿ ಹಾಗೆಯೇ ಹೇಳಿದಳು, ಅವಳ ಸರ್ ಜೋರಾಗಿ ನಕ್ಕದ್ದು ಕೇಳಿಸಿತು. ಬೈಯುವವರ ನಗುವಲ್ಲ ಅದು. ಇನ್ನೊಂದು ದಯೆ.

“ಇನ್ನೇನಕ್ಕಾದ್ರೂ ಹಚ್ಚಿದೀಯಾ ಅಮ್ಮ?”

“ಇಲ್ಲ ಕಣೇ” ಎಂದು ಫೋನಿಟ್ಟೆ. ಆಮೇಲೆ ನೆನಪಾಯಿತು, ಅವಳು ಲ್ಯಾಬಿಗೆಂದು ಹೊಸದಾಗಿ ಕೊಂಡ ಬಿಳಿ ಕೋಟು. ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ಇರುವುದುಂಟೆ? ಕಾಲರಿನ ಹಿಂದೆ ಇತ್ತು. ಕಾಳನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡಿದೆ. ಸೋಪು ತಾಗಿದ್ದೇ ತಡ, ಹಳದಿ ಕಲೆ ಕೆಂಪಾಯಿತು. ಯಾವುದೋ ಕೊಂಡಿ ಬದಲಾಗಿರಬೇಕು. ಹಿಂಡಿ, ಮಹಡಿಗೆ ಒಯ್ದು, ಕಾಲರನ್ನು ಸೂರ್ಯನ ಕಡೆಗೇ ತಿರುಗಿಸಿ ಒಣಹಾಕಿದೆ. ಬಿಸಿಲಿಗೆ ಅರಿಶಿನ ಬಿಡುತ್ತದೆ. ಸಂಜೆ ಅವಳು ಬರುವುದರೊಳಗೆ ಬಿಟ್ಟರೆ ಸಾಕು.